ಒಂಬತ್ತನೇ ಮೇಜಿನ ಮೇಲಿದ್ದುದು ಥಾಲಮಸ್ಸೇ ಎಂಬ ಬಗ್ಗೆ

ಅಂಗರಚನಾಶಾಸ್ತ್ರ ವಿಭಾಗ (ನರವ್ಯೂಹ ಶಾಖೆ)
ನೆಲಮಹಡಿ, ಶೈತ್ಯಾಗಾರದ ಪಕ್ಕ

ಸುತ್ತೋಲೆ ಸಂಖ್ಯೆ: ಅಂವಿ/ನರ/ಮೇಜು-೯/ತಿದ್ದುಪಡಿ-೪
(ತಿದ್ದುಪಡಿ ೧ರಿಂದ ೩ ಯಾರ ಬಳಿಯಾದರೂ ಇದ್ದಲ್ಲಿ, ಓದದೆ ಹರಿದುಹಾಕತಕ್ಕದ್ದು.)

ವಿಷಯ: ನರ ಅಂಗರಚನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂಬತ್ತನೇ ಮೇಜಿನ ಮೇಲಿದ್ದ ವಸ್ತು, ಅದನ್ನು ನೋಡಿದ ಒಬ್ಬರು, ಮತ್ತು ನೋಡದ ಐವತ್ತೊಂಬತ್ತು ಮಂದಿಯ ಕುರಿತು.

ಉಲ್ಲೇಖ:
(ಅ) ಕ್ರಮಸಂಖ್ಯೆ ೪೭ರ ವಿದ್ಯಾರ್ಥಿನಿಯ ಮನವಿ, ಒಂದು ಸಾಲು.
(ಆ) ಸದರಿ ಮನವಿಗೆ ವಿಭಾಗದ ಉತ್ತರ, ಹನ್ನೊಂದು ಪುಟ.
(ಇ) ಸಂಗ್ರಹಾಲಯದ ಪರಿಚಾರಕರ ಹೇಳಿಕೆಗಳು.
(ಈ) ಒಬ್ಬ ಅಜ್ಜಿಯ ದೂರು.

ಪ್ರಸ್ತಾವನೆ:

ಎರಡನೇ ವರ್ಷದ ಅರವತ್ತು ವಿದ್ಯಾರ್ಥಿಗಳಿಗೆ ಕಳೆದ ತಿಂಗಳು ಪ್ರಾಯೋಗಿಕ ಪರೀಕ್ಷೆಯನ್ನು ನಡೆಸಲಾಯಿತು. ಇಪ್ಪತ್ತು ಮೇಜು, ಪ್ರತಿ ಮೇಜಿಗೆ ಒಂದು ತಟ್ಟೆ, ತಟ್ಟೆಯಲ್ಲಿ ಮಿದುಳಿನ ಒಂದು ಭಾಗ, ಅದಕ್ಕೆ ಚುಚ್ಚಿದ ಒಂದು ಕೆಂಪು ಗುಂಡುಸೂಜಿ. ಸೂಜಿ ತೋರಿಸುವ ಭಾಗದ ಹೆಸರನ್ನು ಒಂದು ನಿಮಿಷದಲ್ಲಿ ಬರೆದು, ಗಂಟೆ ಬಾರಿಸಿದೊಡನೆ ಮುಂದಿನ ಮೇಜಿಗೆ ಸರಿಯತಕ್ಕದ್ದು. ಒಂಬತ್ತನೇ ಮೇಜಿನ ಮೇಲೆ ಥಾಲಮಸ್ ಇರತಕ್ಕದ್ದಾಗಿತ್ತು. ಇದು ಮಿದುಳಿನ ನಟ್ಟನಡುವೆ ಎರಡು ಮೊಟ್ಟೆಗಳಂತೆ ಅಕ್ಕಪಕ್ಕ ಕೂತು, ಕಣ್ಣು, ಕಿವಿ, ಚರ್ಮಗಳ ಸುದ್ದಿಯನ್ನು ಮೇಲಕ್ಕೆ ರವಾನಿಸುವ ಭಾಗ. ಹನ್ನೊಂದು ವರ್ಷಗಳಿಂದ ಒಂಬತ್ತನೇ ಮೇಜಿನ ಮೇಲೆ ಅದೇ ಇದೆ.

ಪರೀಕ್ಷೆಯ ಬೆಳಿಗ್ಗೆ ತಟ್ಟೆಗಳನ್ನು ಜೋಡಿಸುತ್ತಿದ್ದ ಪರಿಚಾರಕರು (ಮಿದುಳುಗಳನ್ನು ಬಕೆಟ್ಟಿನಲ್ಲಿ ತರುವುದರಿಂದ ವಿದ್ಯಾರ್ಥಿಗಳಿಂದ ‘ಬಕೆಟ್ ಮಾಮ’ ಎಂದು ಕರೆಯಲ್ಪಡುವವರು; ಹೀಗೆ ಕರೆಯಲು ವಿಭಾಗದ ಅನುಮತಿ ಪಡೆದಿರುವುದಿಲ್ಲ) ಮಿದುಳು ಕೆಡದಂತಿಡುವ ಫಾರ್ಮಲಿನ್ ಘಾಟಿಗೆ ಕಣ್ಣುರಿ ಬಂದ ಕಾರಣ ತಮ್ಮ ಕನ್ನಡಕವನ್ನು ತೆಗೆದು ಒಂಬತ್ತನೇ ತಟ್ಟೆಯಲ್ಲಿಟ್ಟು ಕಣ್ಣೊರೆಸಿಕೊಂಡರು. ಕನ್ನಡಕವಿಲ್ಲದ ಕಾರಣ ಕನ್ನಡಕವು ಕಾಣಲಿಲ್ಲ. ತಟ್ಟೆಯಲ್ಲಿ ಏನೋ ಇರುವುದು ಮಸುಕಾಗಿ ಕಂಡದ್ದರಿಂದ ಅದರ ಪಕ್ಕಕ್ಕೊಂದು ಸೂಜಿಯನ್ನಿಟ್ಟು, ಥಾಲಮಸ್ಸನ್ನು ಬಕೆಟ್ಟಿನಲ್ಲೇ ವಾಪಸ್ ಒಯ್ದರು.

ಐವತ್ತೊಂಬತ್ತು ವಿದ್ಯಾರ್ಥಿಗಳು ಒಂಬತ್ತನೇ ಉತ್ತರವಾಗಿ ‘ಥಾಲಮಸ್’ ಎಂದು ಬರೆದರು. ಅವರಲ್ಲಿ ಹದಿನಾಲ್ವರು ‘ಎರಡು ಅಂಡಾಕಾರದ ಭಾಗಗಳು, ನಡುವೆ ಸಣ್ಣ ಸೇತುವೆ’ ಎಂದು ವರ್ಣನೆಯನ್ನೂ ಸೇರಿಸಿದ್ದಾರೆ. ಒಬ್ಬರು ‘ಬಲಭಾಗದಲ್ಲಿ ಹಳೆಯ ಗೀರು ಇದೆ, ಬಾಲ್ಯದ ಪೆಟ್ಟು ಇರಬಹುದು’ ಎಂದು ಬರೆದು ಪರೀಕ್ಷಕರ ಮೆಚ್ಚುಗೆಗೆ ಪಾತ್ರರಾಗಿದ್ದಾರೆ. ಕ್ರಮಸಂಖ್ಯೆ ೪೭ರ ವಿದ್ಯಾರ್ಥಿನಿ (ಸಹಪಾಠಿಗಳು ಇಟ್ಟ ಹೆಸರು ‘ಪ್ರಶ್ನೆಪೆಟ್ಟಿಗೆ’) ಮಾತ್ರ ‘ಬಕೆಟ್ ಮಾಮನ ಕನ್ನಡಕ’ ಎಂದು ಬರೆದರು. ಮಾದರಿ ಉತ್ತರಕ್ಕೆ ಹೊಂದದ್ದರಿಂದ ಸೊನ್ನೆ ನೀಡಲಾಯಿತು. ಉತ್ತೀರ್ಣರಾಗಲು ಇಪ್ಪತ್ತಕ್ಕೆ ಹತ್ತು ಬೇಕು. ಆಕೆಗೆ ಒಂಬತ್ತು ಬಂದಿತು. ಈ ಒಂದು ಅಂಕಕ್ಕಾಗಿ ಆಕೆ ಇಡೀ ವರ್ಷವನ್ನು ಮತ್ತೆ ಓದಬೇಕಾಗುವ ಪರಿಸ್ಥಿತಿ ಬಂದಿತು. ಆಕೆಯ ಮನವಿಯ ಪೂರ್ಣಪಾಠ ಇಂತಿದೆ: “ಸರ್, ಅದು ಕನ್ನಡಕ, ನೋಡಿದೆ, ಅದಕ್ಕೇ ಬರೆದೆ.”

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ವಸ್ತುವು ಥಾಲಮಸ್ಸೇ ಆಗಿರುತ್ತದೆ. ಈ ತೀರ್ಮಾನಕ್ಕೆ ಬರಲು ಮೂವರ ತಜ್ಞ ಸಮಿತಿಯನ್ನು ರಚಿಸಲಾಗಿತ್ತು. ಸಮಿತಿಯ ಅಧ್ಯಕ್ಷರೂ ಆದ ವಿಭಾಗದ ಮುಖ್ಯಸ್ಥರು ಸ್ವಂತ ಕನ್ನಡಕವನ್ನು ಮನೆಯಲ್ಲಿ ಮರೆತು ಬಂದಿದ್ದರಿಂದ, ತಟ್ಟೆಯಲ್ಲಿದ್ದ ವಸ್ತುವನ್ನು ಕರವಸ್ತ್ರದಿಂದ ಒರೆಸಿ, ಮೂಗಿನ ಮೇಲೇರಿಸಿಕೊಂಡು ಆಕೆಯ ಉತ್ತರವನ್ನು ಓದಿದರು. ‘ಕನ್ನಡಕ’ ಎಂಬ ಪದವು ಅಕ್ಷರ ಅಕ್ಷರವಾಗಿ ಸ್ಪಷ್ಟವಾಗಿ ಕಂಡಿತು. ಆದ್ದರಿಂದ ಉತ್ತರವು ತಪ್ಪೆಂದು ಘೋಷಿಸಲಾಯಿತು.

೨. ಇನ್ನು ಮುಂದೆ ವಿಭಾಗದ ಆವರಣದಲ್ಲಿ ಸದರಿ ವಸ್ತುವನ್ನು ಅದರ ಹಳೆಯ ಹೆಸರಿನಿಂದ ಕರೆಯುವಂತಿಲ್ಲ. ಬಾಯಿತಪ್ಪಿ ಕರೆದವರು ಕೂಡಲೇ ನಾಲಿಗೆ ಕಚ್ಚಿಕೊಂಡು, ಕಚ್ಚಿಕೊಂಡ ಬಗ್ಗೆ ಲಿಖಿತವಾಗಿ ತಿಳಿಸತಕ್ಕದ್ದು.

೩. ಮುಖದ ಮೇಲೆ ಥಾಲಮಸ್ ಧರಿಸಿ ಬರುವ ವಿದ್ಯಾರ್ಥಿಗಳು ಪ್ರವೇಶದ್ವಾರದ ಪುಸ್ತಕದಲ್ಲಿ ‘ತಂದಿರುವ ಥಾಲಮಸ್: ಒಂದು’ ಎಂದು ನಮೂದಿಸಿ, ಹೋಗುವಾಗ ಅಷ್ಟೇ ಸಂಖ್ಯೆಯೊಂದಿಗೆ ಹೋಗತಕ್ಕದ್ದು. ಬಿಸಿಲಿಗೆ ಧರಿಸುವ ಕಪ್ಪು ಥಾಲಮಸ್ಸನ್ನು ರೋಗಗ್ರಸ್ತವೆಂದು ಪರಿಗಣಿಸಲಾಗುವುದು.

೪. ಪಠ್ಯವನ್ನು ಮನೆಗೆ ಒಯ್ಯುವಾಗ ಎಚ್ಚರ ವಹಿಸತಕ್ಕದ್ದು. ಕ್ರಮಸಂಖ್ಯೆ ೧೨ರ ವಿದ್ಯಾರ್ಥಿಯು ಕಲಂ ೨ನ್ನು ಶ್ರದ್ಧೆಯಿಂದ ಪಾಲಿಸುತ್ತಾ, ಕನ್ನಡಕ ಹುಡುಕುತ್ತಿದ್ದ ತನ್ನ ಅಜ್ಜಿಗೆ “ಅಜ್ಜಿ, ನಿನ್ನ ಥಾಲಮಸ್ ತಲೆ ಮೇಲೇ ಇದೆ, ಹೊರಗೆ ಬಂದ್ಬಿಟ್ಟಿದೆ” ಎಂದು ಹೇಳಿದ್ದು, ಅಜ್ಜಿಯು ಎರಡು ದಿನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿರುತ್ತಾರೆ. ಕಲಂ ೨ ಅಜ್ಜಿಯರಿಗೆ ಅನ್ವಯಿಸುವುದಿಲ್ಲ. ಇದೇ ಸಂದರ್ಭದಲ್ಲಿ, ಊಟಕ್ಕೆ ಕೂತ ಅಪ್ಪಂದಿರ ಮಂಡಿಗೆ ಸುತ್ತಿಗೆಯಿಂದ ತಟ್ಟುವುದು, ಹೂಕೋಸನ್ನು ಅಡ್ಡಕ್ಕೆ ಕತ್ತರಿಸಿ ಅಮ್ಮನಿಗೆ ಪಾಠ ಹೇಳುವುದು, ಬೇಗ ಸಿಟ್ಟಾಗುವ ಅಕ್ಕನಿಗೆ ಕಾಯಿಲೆಯ ಹೆಸರಿಡುವುದು, ಇವೆಲ್ಲವನ್ನೂ ನಿಲ್ಲಿಸತಕ್ಕದ್ದು. ಅಕ್ಕನಿಗೆ ಸಿಟ್ಟು ಬರುವುದು ತಮ್ಮನಿಂದಲೇ ವಿನಾ ಮಿದುಳಿನಿಂದಲ್ಲ ಎಂದು ವಿಭಾಗದ ಅಭಿಪ್ರಾಯ.

೫. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಹನ್ನೊಂದು ವರ್ಷಗಳಿಂದ ಹರಿದುಬಂದಿರುವ ‘ಮೇಜುವಾರು ಉತ್ತರಗಳ ಪಟ್ಟಿ’ ಎಂಬುದೊಂದು ಇದೆಯೆಂಬ ಗಾಳಿಮಾತಿದೆ. ಅಂಥದ್ದು ಇರುವುದು ವಿಭಾಗಕ್ಕೆ ತಿಳಿದಿರುವುದಿಲ್ಲ. ಅದರ ಹದಿನಾಲ್ಕನೇ ಸಾಲಿನ ಮೇಲೆ ಚಹಾ ಚೆಲ್ಲಿ ಅಕ್ಷರ ಅಳಿಸಿದೆ ಎಂಬುದೂ ವಿಭಾಗಕ್ಕೆ ತಿಳಿದಿರುವುದಿಲ್ಲ. ಐವತ್ತೊಂಬತ್ತು ಮಂದಿಯೂ ಹದಿನಾಲ್ಕನೇ ಉತ್ತರವನ್ನು ಖಾಲಿ ಬಿಟ್ಟಿರುವುದು ಕಾಗೆ ಕೂತು ಕೊಂಬೆ ಮುರಿದಂತೆ. ‘ಪ್ರಶ್ನೆಪೆಟ್ಟಿಗೆ’ಯು ಪಟ್ಟಿಯನ್ನು ನಕಲು ಮಾಡಿಕೊಳ್ಳಲು ಹೋಗಿ “ಪಟ್ಟಿನೇ ತಪ್ಪಿದ್ರೆ ಏನ್ ಮಾಡ್ತೀರಿ?” ಎಂದು ಕೇಳಿದ್ದರಿಂದ ಆಕೆಗೆ ಅದನ್ನು ಕೊಡಲಿಲ್ಲವೆಂದು ತಿಳಿದುಬಂದಿದೆ. ಇಲ್ಲದ ಪಟ್ಟಿಯನ್ನು ಕೊಡದಿರುವುದರಲ್ಲಿ ತಪ್ಪೇನೂ ಕಂಡುಬರುವುದಿಲ್ಲ.

೬. ಮನವಿಯು ಬಾಕಿಯಿರುವಾಗ ಸಾಕ್ಷ್ಯವು ಕೆಡಬಾರದಾದ್ದರಿಂದ, ಸದರಿ ವಸ್ತುವನ್ನು ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯಲ್ಲಿ ಮುಳುಗಿಸಿ, ಮೊಹರು ಹಾಕಿ, ‘ಥಾಲಮಸ್, ಮಾನವ, ಪುರುಷ’ ಎಂದು ಚೀಟಿ ಅಂಟಿಸಲಾಯಿತು. ಇದರಿಂದ ಪರಿಚಾರಕರು ಮೂರು ವಾರ ಕಣ್ಣು ಮಂಜಾಗಿ ಕೆಲಸ ಮಾಡಬೇಕಾಯಿತು. ಎರಡು ಸಲ ಬಾಗಿಲಿಗೂ ಒಂದು ಸಲ ಮುಖ್ಯಸ್ಥರಿಗೂ ಡಿಕ್ಕಿ ಹೊಡೆದಿರುತ್ತಾರೆ. ತಮ್ಮದೇ ವಸ್ತುವಿದ್ದ ಜಾಡಿಯ ಧೂಳನ್ನು ದಿನವೂ ಒರೆಸುತ್ತಿದ್ದರೆಂದೂ, ಒಳಗೇನಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲವೆಂದೂ ವರದಿಯಾಗಿದೆ. ಇದನ್ನು ನೋಡಿ ವಿಭಾಗದಲ್ಲಿ ಕೆಲವರಿಗೆ ಮರುಕ ಬಂದಿತೆಂಬುದನ್ನು ಕಡತದಲ್ಲಿ ಹಾಕಲು ಶೀರ್ಷಿಕೆ ಸಿಗದ ಕಾರಣ ಇಲ್ಲಿಯೇ ಹಾಕಲಾಗಿದೆ.

ಈ ಅವಧಿಯಲ್ಲಿ ಕ್ರಮಸಂಖ್ಯೆ ೪೭ ದಿನವೂ ಮಧ್ಯಾಹ್ನ ಸಂಗ್ರಹಾಲಯಕ್ಕೆ ಬಂದು ಪರಿಚಾರಕರಿಗೆ ಜಾಡಿಗಳ ಚೀಟಿ ಓದಿ ಹೇಳುತ್ತಿದ್ದರು. ವಿಚಾರಣೆಯಲ್ಲಿ ಪರಿಚಾರಕರು ನೀಡಿದ ಹೇಳಿಕೆ: “ಮೂವತ್ತೊಂದು ವರ್ಷ ಇದನ್ನೇ ಎತ್ತಿ ಇಟ್ಟಿದ್ದೀನಿ ಸ್ವಾಮಿ. ಕಣ್ಣು ಮಂಜಾದ್ರೆ ಕೈ ಮಂಜಾಗುತ್ತಾ? ಮಗು ಚೀಟಿ ಓದೋದು, ನಾನು ಮುಟ್ಟಿ ಹೌದೋ ಅಲ್ವೋ ಅನ್ನೋದು. ಆಮೇಲೆ ಅವಳು ಕಣ್ಣು ಮುಚ್ಕೊಂಡು ಮುಟ್ಟೋಳು, ನಾನು ಕೇಳೋನು. ಮೊದಲ ವಾರ ಎಲ್ಲಾ ತಪ್ಪು ಹೇಳಿದ್ಳು. ಆಮೇಲೆ ನಾನೇ ತಪ್ಪು ಹೇಳೋಕೆ ಶುರು ಮಾಡಿದೆ, ಹಿಡಿದುಬಿಟ್ಳು.” ಇಂಥ ಕಲಿಕೆಯು ವೇಳಾಪಟ್ಟಿಯಲ್ಲಿ ಇಲ್ಲದ್ದರಿಂದ ಆಕೆಯ ಹಾಜರಿಯನ್ನು ಗೈರು ಎಂದು ಗುರುತಿಸಲಾಗಿದೆ.

೭. ಆಕೆ ಮನವಿಯನ್ನು ಹಿಂಪಡೆದಲ್ಲಿ ಸಾಕ್ಷ್ಯದ ಅಗತ್ಯ ತೀರುವುದರಿಂದ ವಸ್ತುವನ್ನು ವಾರಸುದಾರರಿಗೆ ಹಿಂತಿರುಗಿಸಬಹುದೆಂದೂ, ಆದರೆ ಆಗ ಸೊನ್ನೆಯು ಖಾಯಂ ಆಗಿ, ಒಂದೇ ಒಂದು ಮರುಪರೀಕ್ಷೆಗೆ ಅವಕಾಶವಿದ್ದು, ಅದರಲ್ಲೂ ಸೋತರೆ ವರ್ಷವು ಹೋದಂತೆಯೇ ಎಂದೂ ಆಕೆಗೆ ವಿವರಿಸಲಾಯಿತು. ಆಕೆ ಅರ್ಧ ನಿಮಿಷವೂ ಯೋಚಿಸದೆ, ನಿಂತಲ್ಲೇ ಹೀಗೆ ಬರೆದುಕೊಟ್ಟರು: “ಮನವಿ ವಾಪಸ್ ತಗೊಂಡಿದ್ದೀನಿ. ಮಾಮನ ಕನ್ನಡಕ ಕೊಡಿ.” ಇದು ಕಲಂ ೨ಕ್ಕೆ ವಿರುದ್ಧವಾಗಿದ್ದರಿಂದ ತಿದ್ದುಪಡಿಗಾಗಿ ಮರಳಿಸಲಾಯಿತು. “ಮಾಮನ ಥಾಲಮಸ್ ಕೊಡಿ, ಅವರಿಗೆ ಏನೂ ಕಾಣ್ತಿಲ್ಲ” ಎಂದು ತಿದ್ದಿ ಸಲ್ಲಿಸಿದ ಮೇಲೆ ಅಂಗೀಕರಿಸಲಾಯಿತು. ಪರಿಚಾರಕರು ವಸ್ತುವನ್ನು ನಾಲ್ಕು ಸಲ ತೊಳೆದು ಹಾಕಿಕೊಂಡಿದ್ದು, ಈಗಲೂ ವಾಸನೆ ಬರುತ್ತದೆಂದು ತಿಳಿಸಿದ್ದಾರೆ. ವಾಸನೆಯ ಸುದ್ದಿಯು ಥಾಲಮಸ್ಸಿನ ಕಾರ್ಯವ್ಯಾಪ್ತಿಗೆ ನೇರವಾಗಿ ಬರುವುದಿಲ್ಲವೆಂದು ಅವರಿಗೆ ಉತ್ತರಿಸಲಾಗಿದೆ.

೮. ಮರುಪರೀಕ್ಷೆಯು ಕ್ರಮಸಂಖ್ಯೆ ೪೭ಕ್ಕೆ ಮಾತ್ರ ನಡೆಯತಕ್ಕದ್ದಾಗಿತ್ತು. ಆದರೆ ಒಬ್ಬರಿಗಾಗಿ ಗಂಟೆ ಬಾರಿಸಲು ನಿಯಮಗಳಲ್ಲಿ ಅವಕಾಶವಿಲ್ಲದ್ದರಿಂದ ಅರವತ್ತು ಮಂದಿಗೂ ಕಡ್ಡಾಯಗೊಳಿಸಲಾಯಿತು. ಎರಡು ಪರೀಕ್ಷೆ ಬರೆದವರಿಗೆ ಕೊನೆಯದರ ಅಂಕವೇ ಅಂತಿಮ ಎಂಬ ಇನ್ನೊಂದು ನಿಯಮವಿರುವುದು ಅಂದು ಯಾರ ನೆನಪಿಗೂ ಬರಲಿಲ್ಲ. ಮೇಜುಗಳನ್ನು ಪರಿಚಾರಕರೇ ಜೋಡಿಸಿದರು. ಮುಖ್ಯಸ್ಥರು ಬಾಗಿಲಲ್ಲೇ ನಿಂತು ನೋಡಿ ‘ಇಪ್ಪತ್ತೂ ಸರಿಯಿದೆ’ ಎಂದು ಸಹಿ ಮಾಡಿದರು.

ಬೇರೆಡೆಯಿಂದ ಬಂದಿದ್ದ ಪರೀಕ್ಷಕರು ವಿಭಾಗದ ಮಾದರಿ ಉತ್ತರಗಳನ್ನು ಬದಿಗಿಟ್ಟು, ಪ್ರತಿ ತಟ್ಟೆಯನ್ನೂ ಬಗ್ಗಿ ನೋಡಿ ಮೌಲ್ಯಮಾಪನ ಮಾಡುವ ವಿಚಿತ್ರ ಪದ್ಧತಿಯವರಾಗಿದ್ದರು. ಪಟ್ಟಿಯ ಮೊದಲ ಮೇಜಿನದು ಹದಿನೇಳಕ್ಕೂ, ಹದಿನೇಳರದು ಮೂರಕ್ಕೂ, ಒಂಬತ್ತರದು ಇಪ್ಪತ್ತಕ್ಕೂ ಹೋಗಿದ್ದು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಮಿದುಳಿನ ಭಾಗಗಳು ಜಾಗ ಬದಲಿಸಿರುವುದು ಕಂಡುಬಂದಿತು. ಒಂಬತ್ತನೇ ಮೇಜಿನ ಮೇಲೆ ತಟ್ಟೆ ಇತ್ತು, ಸೂಜಿ ಇತ್ತು, ಬೇರೇನೂ ಇರಲಿಲ್ಲ. ಅಲ್ಲಿಯೂ ಐವತ್ತೊಂಬತ್ತು ಮಂದಿ ‘ಥಾಲಮಸ್’ ಎಂದೇ ಬರೆದರು. ಗೀರಿನ ಬಗ್ಗೆ ಬರೆದಿದ್ದ ವಿದ್ಯಾರ್ಥಿಯು ಈ ಸಲ ‘ಗೀರು ವಾಸಿಯಾಗಿದೆ’ ಎಂದು ಬರೆದಿದ್ದಾರೆ. ಕ್ರಮಸಂಖ್ಯೆ ೪೭ ‘ಏನೂ ಇಲ್ಲ’ ಎಂದು ಬರೆದು, ಇಪ್ಪತ್ತಕ್ಕೆ ಹದಿನೇಳು ಪಡೆದರು. ಉಳಿದವರಲ್ಲಿ ಯಾರೂ ನಾಲ್ಕನ್ನು ದಾಟಲಿಲ್ಲ.

೯. ಮೇಲಿನ ಪ್ರಮಾದಕ್ಕೆ ಕಾರಣ ಕೇಳಿ ಪರಿಚಾರಕರಿಗೆ ನೋಟಿಸು ನೀಡಲಾಯಿತು. ಮತ್ತೆ ಕಣ್ಣುರಿ ಬಂದು ಹೀಗಾಯಿತೇ ಎಂಬ ಪ್ರಶ್ನೆಗೆ ಅವರ ಲಿಖಿತ ಉತ್ತರವು ಒಂದೇ ಸಾಲಿನದಾಗಿದ್ದು, ಈ ಕೆಳಗೆ ದಾಖಲಿಸಲಾಗಿದೆ:

“ಇಲ್ಲ ಸ್ವಾಮಿ. ಈ ಸಲ ಕನ್ನಡಕ ಹಾಕ್ಕೊಂಡೇ ಜೋಡಿಸಿದ್ದು.”

ಇದರಲ್ಲಿಯೂ ಕಲಂ ೨ರ ಉಲ್ಲಂಘನೆಯಾಗಿದೆ. ಆದರೆ ತಿದ್ದಿ ಕೊಡಲು ಕೇಳಿದಾಗ ಪರಿಚಾರಕರು ಆಗದೆಂದು ತಲೆಯಾಡಿಸಿದ್ದರಿಂದ, ಕಲಂ ೨ನ್ನೇ ಈ ಮೂಲಕ ರದ್ದುಪಡಿಸಲಾಗಿದೆ.

೧೦. ಬೇರೆ ದಾರಿ ಕಾಣದ್ದರಿಂದ ಕ್ರಮಸಂಖ್ಯೆ ೪೭ ಉತ್ತೀರ್ಣರೆಂದು ಘೋಷಿಸಲಾಗಿದೆ. ಆಕೆಯ ವರ್ಷವು ಆಕೆಯದೇ. ಉಳಿದ ಐವತ್ತೊಂಬತ್ತು ಮಂದಿ ಸೋಮವಾರದಿಂದ ದಿನವೂ ಮಧ್ಯಾಹ್ನ ಸಂಗ್ರಹಾಲಯದಲ್ಲಿ ಬಕೆಟ್ಟಿನ ಸುತ್ತ ನಿಂತು, ಪಟ್ಟಿಯನ್ನು ಹೊರಗಿಟ್ಟು, ಮುಟ್ಟಿ ಕಲಿಯತಕ್ಕದ್ದು. ಅರವತ್ತರಲ್ಲಿ ಒಂದು ಜಾಗ ತೆರವಾಗಿರುವುದರಿಂದ, ಖಾಲಿ ತಟ್ಟೆಯನ್ನು ಸರಿಯಿದೆಯೆಂದು ದೃಢೀಕರಿಸಿದ ಮುಖ್ಯಸ್ಥರು ಆ ಜಾಗದಲ್ಲಿ ನಿಲ್ಲತಕ್ಕದ್ದು. ಅವರು ಬರುವಾಗ ಸ್ವಂತ ಕನ್ನಡಕವನ್ನು ತರತಕ್ಕದ್ದು.

ಸಹಿ/-
ಮುಖ್ಯಸ್ಥರು ಹಾಗೂ ಅರವತ್ತನೇ ವಿದ್ಯಾರ್ಥಿ (ಪ್ರಭಾರ)
(ಪರಿಚಾರಕರಿಂದ ಎರವಲು ಪಡೆದ ಕನ್ನಡಕದ ಸಹಾಯದಿಂದ ಓದಿ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಐವತ್ತೊಂಬತ್ತು ವಿದ್ಯಾರ್ಥಿಗಳಿಗೆ. ಪ್ರತಿಯೊಬ್ಬರೂ ತಾವೇ ಓದತಕ್ಕದ್ದು. ಒಬ್ಬರು ಓದಿದ್ದನ್ನು ಉಳಿದವರು ನಕಲು ಮಾಡತಕ್ಕದ್ದಲ್ಲ.
೨. ಹನ್ನೊಂದು ವರ್ಷಗಳ ಹಿರಿಯ ವಿದ್ಯಾರ್ಥಿಗಳಿಗೆ, ಅವರು ಈಗ ಎಲ್ಲೆಲ್ಲಿ ರೋಗಿಗಳನ್ನು ನೋಡುತ್ತಿರುವರೋ ಅಲ್ಲಲ್ಲಿಗೆ, ತುರ್ತಾಗಿ.
೩. ದೂರು ನೀಡಿದ ಅಜ್ಜಿಗೆ, ತಲೆಯಿಂದ ಕೈ ತೆಗೆಯಬಹುದೆಂಬ ಸೂಚನೆಯೊಂದಿಗೆ.
೪. ಒಂಬತ್ತನೇ ಮೇಜಿಗೆ, ತಟ್ಟೆಯ ಕೆಳಗಿಡಲು.
೫. ಕ್ರಮಸಂಖ್ಯೆ ೪೭ಕ್ಕೆ, ಮಾಹಿತಿಗಾಗಿ. ಪ್ರಶ್ನೆಗಳಿದ್ದಲ್ಲಿ ಕೇಳಬಹುದು.
೬. ಬಕೆಟ್ ಮಾಮನಿಗೆ. ಈ ಪ್ರತಿಯನ್ನು ಯಾರೂ ಓದಿ ಹೇಳಬೇಕಾಗಿಲ್ಲ.