ಒಡಕಿಲ್ಲದ ಛತ್ರ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ, ಎಂಟು ದಿನ ಹಳೆಯದಾದ ಒಂದು ಪತ್ರಿಕೆ. ಹುಬ್ಬಳ್ಳಿಯಿಂದ ಅಂಚೆಯಲ್ಲಿ ಬರುತ್ತಿದ್ದ ಅದನ್ನು, ಕೇದಾರ ಘಾಟಿನ ಹಿಂದಿನ ಗಲ್ಲಿಯ ಕನ್ನಡ ಛತ್ರದಲ್ಲಿ, ಗಂಗಾಸ್ನಾನ ಮುಗಿದ ಮೇಲೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವುದು ಮ್ಯಾನೇಜರ್ ರಾಮಚಂದ್ರನ ಕೆಲಸ. ಕೇಳುವವರು ಒಂಬತ್ತು ಜನ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಊರು ಬಿಟ್ಟು ಬಂದವರು. ಅಲ್ಲಿಯವರೆಗೆ ಕಿವಿಯನ್ನಂತೂ ಮುಚ್ಚುವ ಯೋಚನೆ ಅವರಿಗಿರಲಿಲ್ಲ.

"ಶ್ರೀಮಂತ ದೇಶಗಳಲ್ಲಿ ಒಡಕು," ಎಂದು ಓದಿದ ರಾಮಚಂದ್ರ. ಯಾರೋ ಪಂಡಿತರು ಹತ್ತಾರು ಶ್ರೀಮಂತ ದೇಶಗಳಲ್ಲಿ ಮನೆಮನೆಗೆ ಹೋಗಿ, ನಿಮ್ಮ ದೇಶ ಒಡೆದುಹೋಗಿದೆ ಅನ್ನಿಸುತ್ತದೆಯೇ ಎಂದು ಕೇಳಿದ್ದರಂತೆ. ಹತ್ತರಲ್ಲಿ ಆರು ಜನ ಹೌದು ಅಂದಿದ್ದರಂತೆ. ಉಳ್ಳವರಿಗೂ ಇಲ್ಲದವರಿಗೂ ಒಡಕು, ಈ ಪಕ್ಷಕ್ಕೂ ಆ ಪಕ್ಷಕ್ಕೂ ಒಡಕು, ಅಪ್ಪನಿಗೂ ಮಗನಿಗೂ ಒಡಕು.

"ಅಲ್ಲೆಲ್ಲ ಕೋಣೆಗೊಂದು ನಲ್ಲಿ ಇರುತ್ತಂತಲ್ಲೋ," ಎಂದರು ತಿರುಮಲಮ್ಮ. ಮೈಸೂರಿನ ಕಡೆಯವರು, ಛತ್ರದಲ್ಲಿ ಎಲ್ಲರಿಗಿಂತ ಹಿರಿಯರು. "ಮತ್ತೆ ಜಗಳ ಯಾತಕ್ಕೆ?"

ಒಂದೇ ನಲ್ಲಿಯ ಆ ಛತ್ರದಲ್ಲಿ ಇದು ಸಹಜವಾದ ಪ್ರಶ್ನೆ.

"ಘಾಟಿನ ಮ್ಯಾಲೆ ಹರಕ ಅರಿವಿ ಹಾಕ್ಕೊಂಡು ಕುಂದರತಾವಲ್ರೀ ಬಿಳೇ ಹುಡುಗೂರು," ಎಂದರು ಗದಗಿನ ಸತ್ಯಮ್ಮ. "ಅದರಾಗ ಒಬ್ಬಾಂವನ್ನ ನಮ್ಮ ತುಳಸಮ್ಮ ಕೇಳ್ಯಾಳ. ಅಪ್ಪ ಯುದ್ಧ ಬೇಕಂದನಂತ, ಇಂವ ಬ್ಯಾಡಂದನಂತ. ಉಣ್ಣೂದು ಬಿಟ್ಟು ಎದ್ದಾಂವ ಸೀದಾ ಕಾಶಿಗೆ ಬಂದಾನ."

"ಉಂಡು ಹೊರಡಬಹುದಿತ್ತಪ್ಪ," ಎಂದು ತಿರುಮಲಮ್ಮ ಮರುಗಿದರು.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂಲೆಯಲ್ಲಿ ಕಲ್ಲಪ್ಪ ಮಾಸ್ತರರಿದ್ದರು. ಎರಡು ವರ್ಷದ ಹಿಂದೆ, ಎಪ್ಪತ್ತೊಂದರ ಜನಗಣತಿಯಲ್ಲಿ ಮೂರು ಹಳ್ಳಿಗಳನ್ನು ಎಣಿಸಿ ನಿವೃತ್ತರಾದವರು. ಆಮೇಲೆ ಎಣಿಸಲು ಏನೂ ಸಿಕ್ಕದೆ ಸೊರಗಿದ್ದರು.

"ನಮ್ಮ ಛತ್ರದಾಗೂ ಒಮ್ಮೆ ಕೇಳಿ ನೋಡೂಣಲ್ಲ?" ಎಂದರು.

ರಾಮಚಂದ್ರ ಪತ್ರಿಕೆಯನ್ನು ಮಡಚಿಬಿಟ್ಟ. "ಇವತ್ತೊಂದು ದಿನ ಬ್ಯಾಡ್ರೀ ಮಾಸ್ತರ. ನಾಕ ಗಂಟೆಗೆ ಸೆಕ್ರೆಟರಿಯವರು ಬರತಾರ."

ಅವನ ಗಾಬರಿಗೆ ಕಾರಣ ಗೋಡೆಯ ಮೇಲಿತ್ತು: ಬೀಗ ಹಾಕಿದ ದೂರಿನ ಪೆಟ್ಟಿಗೆ. ಬೀಗದ ಕೈ ಧಾರವಾಡದಲ್ಲಿ, ಟ್ರಸ್ಟಿನ ಸೆಕ್ರೆಟರಿ ಶಿವಮೂರ್ತಯ್ಯನವರ ಉಡಿದಾರದಲ್ಲಿ, ಕೊರಳಿನ ಲಿಂಗಕ್ಕಿಂತ ಭದ್ರವಾಗಿ. ವರ್ಷಕ್ಕೊಮ್ಮೆ ಬಂದು ತೆರೆಯುತ್ತಿದ್ದರು. ಹಿಂದಿನ ವರ್ಷ ಹೋಗುವಾಗ ಒಂದು ಮಾತು ಹೇಳಿದ್ದರು: "ಈ ಪೆಟಗಿಯೊಳಗ ಒಂದೂ ದೂರು ಇರಲಿಲ್ಲಂದ್ರ ನಿಮ್ಮನ್ನ ಧಾರವಾಡದ ಆಫೀಸಿಗೆ ಹಾಕತೀನಿ."

ಧಾರವಾಡದಲ್ಲಿ ಹೆಂಡತಿ ಕಮಲಾದೇವಿ ಇದ್ದಳು, ಆರು ವರ್ಷದ ಮಗಳಿದ್ದಳು. ಹೋದ ಸಲ ಊರಿಗೆ ಹೋದಾಗ ಆ ಮಗು ಬಾಗಿಲಲ್ಲಿ ನಿಂತು, "ಅವ್ವಾ, ಕಾಶೀ ಮಾಮಾ ಬಂದಾನ," ಎಂದು ಕೂಗಿತ್ತು. ಅಂದಿನಿಂದ ರಾಮಚಂದ್ರ ಹನ್ನೊಂದು ತಿಂಗಳು ಛತ್ರವನ್ನು ತುಂಬಿದ ಹಾಲಿನ ಪಾತ್ರೆಯಂತೆ ಹಿಡಿದು ನಡೆದಿದ್ದ. ನಲ್ಲಿಗೆ ಸರದಿ ಹಚ್ಚಿದ, ತುಳಸಮ್ಮನ ಮಂಚವನ್ನು ನಾಲ್ಕು ದಿಕ್ಕಿಗೂ ತಿರುಗಿಸಿಕೊಟ್ಟ, ದಿನಾ ಬೆಳಿಗ್ಗೆ ಯಾರೂ ನೋಡದಾಗ ಪೆಟ್ಟಿಗೆಯನ್ನು ಅಲ್ಲಾಡಿಸಿ ಕಿವಿಗೊಟ್ಟ. ಅವತ್ತಿನವರೆಗೂ ಸದ್ದಿರಲಿಲ್ಲ.

ಕಲ್ಲಪ್ಪ ಮಾಸ್ತರರು ಸುಮ್ಮನಾದರೆಂದು ನಂಬಿ, ಸೆಕ್ರೆಟರಿಯವರ ಊಟಕ್ಕೆ ತರಕಾರಿ ತರಲು ಅವನು ಭೇಲೂಪುರಕ್ಕೆ ಹೋದ. ಎಳೆಯ ಬದನೆಕಾಯಿ ಆರಿಸಿ, ರಿಕ್ಷಾದಲ್ಲಿ ಬಂದಿಳಿದಾಗ ಹನ್ನೊಂದು ಗಂಟೆ. ಅಂಗಳ ವಿಚಿತ್ರವಾಗಿ ಕಂಡಿತು. ತುಳಸಿಕಟ್ಟೆಯ ಕಡೆಗೆ ನಾಲ್ವರು, ನಲ್ಲಿಯ ಕಡೆಗೆ ನಾಲ್ವರು, ನಡುವೆ ಕಲ್ಲಪ್ಪ ಮಾಸ್ತರರು.

"ಏನಾತ್ರೀ?"

"ಮತದಾನ ಆತು," ಎಂದರು ಮಾಸ್ತರರು ತೃಪ್ತಿಯಿಂದ. "ಛತ್ರದಾಗ ಒಡಕು ಐತೋ ಇಲ್ಲೋ ಅಂತ ಎಲ್ಲಾರೂ ಚೀಟಿ ಬರದಾರ. ಗುಪ್ತವಾಗಿ ಆಗಬೇಕಲ್ಲ, ಅದಕ್ಕ ಆ ಪೆಟಗ್ಯಾಗ ಹಾಕಿಸಿದೆ."

ರಾಮಚಂದ್ರ ಗೋಡೆಯತ್ತ ನೋಡಿದ. ಬದನೆಕಾಯಿಗಳು ಒಂದೊಂದಾಗಿ ಚೀಲದಿಂದ ಉರುಳಿದವು.

"ಮತ್ತ ಇವರೆಲ್ಲ ಯಾಕ ಹಿಂಗ ಕುಂತಾರ?"

"ಅದು ಲೆಕ್ಕದ ಮಾತು. ಅಷ್ಟು ಶ್ರೀಮಂತ ದೇಶದಾಗ ಹತ್ತರಾಗ ಆರು ಮಂದಿ ಒಡಕು ಐತಿ ಅಂದ್ರ, ನಮ್ಮ ಒಂಬತ್ತು ಮಂದ್ಯಾಗ ಐದು ಮಂದಿಯಾದ್ರೂ ಅಂದಿರಬೇಕು ಅಂದೆ. ಆ ಐದು ಮಂದಿ ಯಾರು ಅಂತ ಹುಡುಕಾಕ ಹತ್ಯಾರ."

"ನಾನಂತೂ ಇಲ್ಲ ಅಂತ ಬರೆದೆ," ಎಂದರು ತಿರುಮಲಮ್ಮ ತುಳಸಿಕಟ್ಟೆಯಿಂದ. "ಇಪ್ಪತ್ತು ವರ್ಷದಿಂದ ಒಂದೇ ಮನೆಯವರ ಹಾಗೆ ಇದ್ದೀವಿ. ಇದೆ ಅಂತ ಬರೆದವರು ನಲ್ಲಿ ಹತ್ತಿರ ಕೂತಿದ್ದಾರೆ."

"ನಾನೂ ಇಲ್ಲಂತನ ಬರದೇನಿ," ಎಂದರು ಸತ್ಯಮ್ಮ ನಲ್ಲಿಯ ಕಡೆಯಿಂದ. "ಮಾರಿ ನೋಡಿದ್ರ ಗೊತ್ತಾಗತೈತಿ ಯಾರು ಬರದಾರ ಅಂತ. ಇನ್ನ ಮ್ಯಾಲೆ ಅವರ ಕೊಡಪಾನಕ್ಕ ನಾ ದಾರಿ ಬಿಡಾಂಗಿಲ್ಲ."

ಮಧ್ಯಾಹ್ನದ ಊಟಕ್ಕೆ ಎರಡು ಸಾಲು ಎಲೆ ಬಿತ್ತು. ಆ ಸಾಲಿನ ತೊವ್ವೆ ಈ ಸಾಲಿಗೆ ಬರಲಿಲ್ಲ, ಈ ಸಾಲಿನ ಉಪ್ಪಿನಕಾಯಿ ಆ ಸಾಲಿಗೆ ಹೋಗಲಿಲ್ಲ. ಎರಡೂ ಸಾಲಿನ ನಡುವೆ ಬಡಿಸುತ್ತ ರಾಮಚಂದ್ರ ಗಡಿಯಾರ ನೋಡುತ್ತಿದ್ದ. ಎರಡೂವರೆ. ಆ ಚೀಟಿಗಳಲ್ಲಿ ಏನೇನು ಬರೆದಿದ್ದಾರೋ. ವರ್ಷವರ್ಷ ದೂರು ಬರೆದು ಅಕ್ಷರ ದುಂಡಗೆ ಮಾಡಿಕೊಂಡ ಕೈಗಳು, ಒಂದೇ ಪದಕ್ಕೆ ನಿಲ್ಲುತ್ತವೆಯೇ?

ಮೂರು ಗಂಟೆಗೆ ಎಲ್ಲರೂ ಅಡ್ಡಾದರು. ರಾಮಚಂದ್ರ ಪೆಟ್ಟಿಗೆಯನ್ನು ಮೊಳೆಯಿಂದ ಇಳಿಸಿ, ಮಲಗಿದ ಕೂಸನ್ನು ಎತ್ತಿಕೊಂಡಂತೆ ಎದೆಗವಚಿ ಉಗ್ರಾಣಕ್ಕೆ ಹೋದ. ಕಸಬರಿಗೆ ಕಡ್ಡಿಯ ತುದಿಗೆ ಅಂಟು ಹಚ್ಚಿ ಸೀಳಿನೊಳಗೆ ಬಿಟ್ಟ. ಬಂದದ್ದು ಒಂದು ಜಿರಲೆ. ಎರಡನೆಯ ಸಲ ಕಡ್ಡಿ ಮುರಿಯಿತು. ಮೂರನೆಯ ಸಲ ಚೀಟಿಯೊಂದು ಬಾಯಿಯವರೆಗೆ ಬಂದಿತ್ತು.

"ಏನೋ ಮಾಡ್ತಿದೀಯ ರಾಮಚಂದ್ರ?"

ಬಾಗಿಲಲ್ಲಿ ತುಳಸಮ್ಮ, ಕೈಯಲ್ಲಿ ಇಂಗಿನ ಡಬ್ಬಿ. ಚೀಟಿ ಹಿಂದಕ್ಕೆ ಬಿತ್ತು.

"ಇರಿವಿ ಹೊಕ್ಕಿದ್ದವು ರೀ ಅಮ್ಮಾರ..."

ತುಳಸಮ್ಮ ಅಂಗಳಕ್ಕೆ ಹೋಗಿ, ಹರಿಶ್ಚಂದ್ರ ಘಾಟಿನವರೆಗೆ ಕೇಳುವಂತೆ ಹೇಳಿದರು: "ಏಳ್ರೇ ಎಲ್ಲ. ಮ್ಯಾನೇಜರು ನಮ್ಮ ಚೀಟಿ ಕದೀತಿದ್ದಾನೆ."

ಎರಡು ನಿಮಿಷದಲ್ಲಿ ಉಗ್ರಾಣದ ಬಾಗಿಲಲ್ಲಿ ಒಂಬತ್ತು ತಲೆಗಳು. ಯಾವ ತಲೆ ಯಾವ ಸಾಲಿನದೆಂದು ಈಗ ಹೇಳುವಂತಿರಲಿಲ್ಲ.

"ನಮ್ಮನ್ನ ಒಡದಾಂವ ಇಂವನ ನೋಡ್ರಿ ಅಕ್ಕಾರ," ಎಂದರು ಸತ್ಯಮ್ಮ. "ಮುಂಜಾನೆ ಆ ಸುದ್ದಿ ಓದಿದಾಂವ ಯಾರು?"

"ಹೌದು ಕಣೇ ಸತ್ಯಮ್ಮ," ಎಂದರು ತಿರುಮಲಮ್ಮ. "ಊಟಕ್ಕೆ ಎರಡು ಸಾಲು ಬಡಿಸಿದವನೂ ಇವನೇ."

ಪೆಟ್ಟಿಗೆ ಮೊಳೆಗೆ ಮರಳಿತು. ಕಲ್ಲಪ್ಪ ಮಾಸ್ತರರು ಅಂಗಳದಲ್ಲಿ ನಿಂತು ದೂರಿನ ಉಕ್ತಲೇಖನ ಹೇಳಿದರು, ಅವರೂ ಸೇರಿ ಒಂಬತ್ತು ಜನ ಬರೆದುಕೊಂಡರು. ಸತ್ಯಮ್ಮ ತಮ್ಮ ಕನ್ನಡಕವನ್ನು ತಿರುಮಲಮ್ಮನವರಿಗೆ ಕೊಟ್ಟರು, ತಿರುಮಲಮ್ಮ ತಮ್ಮ ಪೆನ್ಸಿಲನ್ನು ಸತ್ಯಮ್ಮನವರಿಗೆ. ಒಂಬತ್ತು ಚೀಟಿಗಳು ಪೆಟ್ಟಿಗೆಗೆ ಬೀಳುವ ಸದ್ದನ್ನು ರಾಮಚಂದ್ರ ಒಂದೊಂದಾಗಿ ಕೇಳಿದ. ಒಂದೊಂದು ಚೀಟಿಗೂ ಧಾರವಾಡ ಒಂದು ಸ್ಟೇಷನ್ನಿನಷ್ಟು ದೂರ ಸರಿಯಿತು.

ನಾಲ್ಕೂ ಕಾಲಿಗೆ ಶಿವಮೂರ್ತಯ್ಯನವರು ಬಂದರು. ಕಾಲು ತೊಳೆದು, ಬೀಗ ತೆಗೆದು, ಚೀಟಿಗಳನ್ನು ಚಾಪೆಯ ಮೇಲೆ ಸುರುವಿದರು.

ಮೊದಲು ಸಣ್ಣ ಚೀಟಿಗಳನ್ನು ಬಿಡಿಸಿದರು. "ಇಲ್ಲ. ಇಲ್ಲ. ಇಲ್ಲ..." ಒಂಬತ್ತೂ ಇಲ್ಲ. "ಏನಿದು ಇಲ್ಲ?"

ಮಾಸ್ತರರು ವಿವರಿಸಿದರು. ರಾಮಚಂದ್ರ ಕಂಬಕ್ಕೆ ಒರಗಿದ. ಕಡ್ಡಿ ಹಾಕದೆ ಸುಮ್ಮನೆ ಮಲಗಿದ್ದರೆ, ಪೆಟ್ಟಿಗೆಯಲ್ಲಿ ಈ ಒಂಬತ್ತೇ ಇರುತ್ತಿದ್ದವು. ಖಾಲಿ ಪೆಟ್ಟಿಗೆಗಿಂತ ಒಳ್ಳೆಯ ಸಾಕ್ಷಿ.

ಶಿವಮೂರ್ತಯ್ಯನವರು ದೊಡ್ಡ ಚೀಟಿಗಳನ್ನು ಓದಿದರು. ಒಂಬತ್ತರಲ್ಲೂ ಒಂದೇ ವಾಕ್ಯ: "ಮ್ಯಾನೇಜರ್ ರಾಮಚಂದ್ರನು ನಮ್ಮ ಒಗ್ಗಟ್ಟಿಗೆ ಭಂಗ ತರುತ್ತಿದ್ದಾನೆ." ಓದಿ, ಕನ್ನಡಕ ತೆಗೆದು, ಅವನತ್ತ ತಿರುಗಿದರು.

"ನಾ ತಪ್ಪು ಮಾಡೇನ್ರೀ," ಎಂದ ರಾಮಚಂದ್ರ. "ಕೆಲಸದಿಂದ ತಗದ್ರೂ ಸರಿ. ಊರಿಗೆ ಹೋಗತೀನಿ."

"ತಗಿಯೂದಾ? ಹದಿನೈದು ವರ್ಷದಿಂದ ಈ ಪೆಟಗಿ ತೆರ್ಯಾಕ ಹತ್ತೇನಿ. ಒಂಬತ್ತು ಮಂದಿ ಒಂಬತ್ತು ದೂರು. ಒಂದು ಸಲನೂ ಇಬ್ಬರು ಒಂದು ಮಾತು ಒಪ್ಪಿದ್ದು ನೋಡಿಲ್ಲ. ಇವತ್ತು ಅಕ್ಷರ ಅಕ್ಷರ ಕೂಡ್ಯಾವ." ಚೀಟಿಗಳನ್ನು ಪ್ರಸಾದದಂತೆ ಮಡಚಿಟ್ಟುಕೊಂಡರು. "ಆ ಶ್ರೀಮಂತ ದೇಶದಾಗ ಎಲ್ಲಾ ಐತಿ, ನಿಮ್ಮಂಥಾ ಮ್ಯಾನೇಜರ್ ಇಲ್ಲ. ನಿಮ್ಮನ್ನ ಇಲ್ಲಿಂದ ಕಿತ್ತರ ನಾಳೆನ ನಲ್ಲಿ ಜಗಳ ಶುರು ಆಗತೈತಿ. ನಾ ಸೆಕ್ರೆಟರಿ ಇರೂತನಕ ನಿಮಗ ವರ್ಗ ಇಲ್ಲ."

ಅವತ್ತು ಸಂಜೆ ಅಂಗಳದಲ್ಲಿ ಒಂದೇ ಸಾಲು ಎಲೆ ಬಿತ್ತು. ಬದನೆಕಾಯಿ ಎಣ್ಣೆಗಾಯಿಯನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಕೊನೆಗೆ ತಿರುಮಲಮ್ಮ ಒಂದು ಬಟ್ಟಲು ಪಾಯಸ ತಂದು ರಾಮಚಂದ್ರನ ಮುಂದಿಟ್ಟರು.

"ಬೇಜಾರು ಮಾಡ್ಕೋಬೇಡಪ್ಪ, ತಿನ್ನು," ಎಂದರು ಮೆಲ್ಲಗೆ. "ನಾಳೆ ಏನಾದರೂ ತಪ್ಪು ಮಾಡೋಕೆ ಮರೀಬೇಡ."