ಅಮ್ಮ ಒಪ್ಪಿದ ಮುಖ

ಕಂಪ್ಯೂಟರಿನಲ್ಲಿ ಮುಖ ಬಿಡಿಸುವ ಚಟ ಹತ್ತಿದ ಮೇಲೆ ನನ್ನ ಸುತ್ತ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ಹಿಂದೆ ತಿರುಗಿ ನೋಡುತ್ತಾರೆ.

ನಾನು ವೆಬ್‌ಸೈಟ್ ಮಾಡಿ ಹೊಟ್ಟೆ ಹೊರೆಯುವವನು. ಕಾಮೋಠೆಯಲ್ಲಿ ಅಮ್ಮನ ಜೊತೆ ಇದ್ದೇನೆ. ನನಗೆ ಬುದ್ಧಿ ತಿಳಿಯುವ ಮೊದಲೇ ಅಪ್ಪ ತೀರಿಕೊಂಡರು. ಫೋಟೊ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವರು ಅವರು; ಜನ್ಮದಲ್ಲಿ ತೆಗೆಸಿಕೊಂಡದ್ದು ಮದುವೆಯ ಫೋಟೊ ಒಂದೇ. ಆಯುಸ್ಸೂ ಉಳಿಯಲಿಲ್ಲ, ಫೋಟೊವೂ ಉಳಿಯಲಿಲ್ಲ. ಠಾಣೆ ಊರಿನ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಖೋಲಿಯಲ್ಲಿದ್ದಾಗ ಒಂದು ಮಳೆಗಾಲ ನೀರು ಒಳಗೆ ನುಗ್ಗಿತು. ಅಮ್ಮ ಫೋಟೊ ಒಣಗಿಸಿ ನೋಡಿದರೆ ಅಪ್ಪನ ಪೇಟ ಇದೆ, ಕೊರಳ ಹಾರ ಇದೆ, ನಡುವೆ ಮುಖ ಇರಬೇಕಾದಲ್ಲಿ ಬರೀ ಬಿಳಿ ಕಲೆ.

ಈಚೆಗೆ ಅಮ್ಮನಿಗೆ ಅದೇ ಚಿಂತೆ. "ಮೂಗು ನೆನಪಿದೆ, ಕಣ್ಣು ನೆನಪಿದೆ. ಎರಡೂ ಒಟ್ಟಿಗೆ ಬರೋದಿಲ್ಲ ಕಣೋ. ನಾಳೆ ನಾನೂ ಮೇಲೆ ಹೋದಾಗ ಅವರನ್ನ ಹೇಗೆ ಗುರುತು ಹಿಡೀಲಿ? ಅಲ್ಲೇನು ಜನ ಕಮ್ಮಿ ಇರ್ತಾರಾ?" ಕನ್ನಡಿ ನೋಡಿಕೋ ಎಂದು ನೀವು ಹೇಳಬೇಡಿ. ನಾನು ಸೋದರಮಾವನ ಪಡಿಯಚ್ಚು.

ಚಿತ್ರದ ಹುಚ್ಚು ನನಗೆ ಮೊದಲಿನಿಂದ ಇತ್ತು, ಕೋಡ್ ಬರೆಯುವುದು ಹೊಟ್ಟೆಪಾಡು. ಎರಡನ್ನೂ ಸೇರಿಸಿದೆ. ಅಮ್ಮ ವರ್ಣಿಸಿದ ಮೂಗು, ಹುಬ್ಬು, ಮೀಸೆಗಳನ್ನು ಅದಲು ಬದಲು ಮಾಡಿ, ತೆರೆದಾಗಲೆಲ್ಲ ಹೊಸ ಮುಖ ಬಿಡಿಸುವ ಒಂದು ಪೇಜ್ ಮಾಡಿದೆ. ಅಮ್ಮ ಮೊಬೈಲಿನಲ್ಲಿ ನೋಡಿ "ಇವರಲ್ಲ", "ಇವನಂತೂ ಅಲ್ಲವೇ ಅಲ್ಲ" ಎಂದು ತಳ್ಳಿಹಾಕುವಳು. ಹೀಗೆ ಅವಳು ಒಪ್ಪದ ಮುಖಗಳು ರಾಶಿ ಬಿದ್ದವು. ತೊಂದರೆ ಶುರುವಾದದ್ದು ಅವುಗಳಿಂದ.

೧. ಮಾವನವರು

ಠಾಣೆಯ ಕಡೆಯ ಕನ್ನಡಿಗರು ಸೇರಿ ಮಾಜಿವಾಡಾದ ಒಂದು ಹಾಲ್‌ನಲ್ಲಿ ಚಿತ್ರಪ್ರದರ್ಶನ ಇಟ್ಟರು. ನಾನೂ ಕೆಲವು ಮುಖಗಳನ್ನು ಪ್ರಿಂಟ್ ಹಾಕಿಸಿ ತೂಗುಹಾಕಿದೆ. ಮಂಗಳೂರು ಕಡೆಯ ಒಬ್ಬ ಹೆಂಗಸು ಒಂದರ ಮುಂದೆ ಗಕ್ಕನೆ ನಿಂತರು.

"ಇದು ನಮ್ಮ ಮಾವನವರು! ತೀರಿಹೋದವರ ಫೋಟೊ ನಿಮಗೆ ಎಲ್ಲಿ ಸಿಕ್ಕಿತು ಮಾರಾಯ್ರೆ?"

ಇದು ಕಂಪ್ಯೂಟರ್ ತಾನಾಗಿ ಬಿಡಿಸಿದ್ದು, ಯಾರ ಮುಖವೂ ಅಲ್ಲ ಎಂದೆ.

"ಯಾರದ್ದೂ ಅಲ್ಲದಿದ್ದರೆ ನನ್ನನ್ನು ಹೀಗೆ ಯಾಕೆ ನೋಡುವುದು?" ಅವರು ಎಡಕ್ಕೆ ಸರಿದರು, ಬಲಕ್ಕೆ ಸರಿದರು. ನನಗೂ ಆ ಕಣ್ಣುಗಳು ಅವರ ಹಿಂದೆಯೇ ಹೋದ ಹಾಗೆ ಕಂಡವು. ಕೊನೆಗೆ ಅವರು ಹತ್ತಿರ ಬಂದು ಪಿಸುಗುಟ್ಟಿದರು:

"ಸ್ವಲ್ಪ ಗೋಡೆ ಕಡೆ ತಿರುಗಿಸಿ ಇಡಿ ಮಾರಾಯ್ರೆ. ನಾನು ಇವತ್ತು ಜೀನ್ಸ್ ಹಾಕಿ ಬಂದದ್ದು."

೨. ನಾಲ್ಕನೇ ಮಹಡಿ

ಕಲ್ಯಾಣದ ಒಬ್ಬ ಬಿಲ್ಡರಿಗೆ ವೆಬ್‌ಸೈಟ್ ಮಾಡುತ್ತಿದ್ದೆ. "ನಮ್ಮ ಸುಖೀ ನಿವಾಸಿಗಳು" ಎಂಬ ಪುಟ ಬೇಕೇ ಬೇಕು ಎಂದ. ಕಟ್ಟಡಕ್ಕೆ ಇನ್ನೂ ಒಂದು ಸಂಸಾರವೂ ಬಂದಿರಲಿಲ್ಲ. ನಿಜವಾದ ಫೋಟೊ ಸಿಗುವ ತನಕ ಇರಲಿ ಎಂದು ಅಮ್ಮ ಒಪ್ಪದ ಮುಖಗಳನ್ನೇ ಅಲ್ಲಿ ಕೂರಿಸಿದೆ, ಕೆಳಗೆ ಫ್ಲ್ಯಾಟ್ ನಂಬರನ್ನೂ ಹಾಕಿದೆ.

ಒಂದು ದಿನ ಬಿಲ್ಡರನ ಆಫೀಸಿನಲ್ಲಿ ನಾನಿದ್ದಾಗಲೇ ವಾಚ್‌ಮನ್ ಬಂದ. ಅವನಿಗೆ ಯಾರೋ ಮೊಬೈಲಿನಲ್ಲಿ ಆ ಪುಟ ತೋರಿಸಿದ್ದರಂತೆ. "ಸಾಬ್, ಯೇ ಚೌಥೆ ಮಾಲೇವಾಲಾ" ಎಂದು ಒಂದು ಮುಖದ ಮೇಲೆ ಬೆರಳಿಟ್ಟ. "ರೋಜ್ ಶಾಮ್ ಕೋ ಬಾಲ್ಕನಿ ಮೇ ಖಡಾ ರೆಹತಾ ಹೈ. ಸಲಾಂ ಕರೋ ತೋ ಜವಾಬ್ ನಹೀ ದೇತಾ." ನಾಲ್ಕನೇ ಮಹಡಿಯ ಇವನು ದಿನಾ ಸಂಜೆ ಬಾಲ್ಕನಿಯಲ್ಲಿ ನಿಂತಿರುತ್ತಾನಂತೆ, ಸಲಾಂ ಹೊಡೆದರೆ ಉತ್ತರ ಕೊಡುವುದಿಲ್ಲವಂತೆ.

ಆ ಫ್ಲ್ಯಾಟಿನ ಬೀಗದ ಕೈ ಬಿಲ್ಡರನ ಮೇಜಿನ ಮೇಲೇ ಇತ್ತು. ನಾನು ಕುರ್ಚಿಯನ್ನು ಅದರಿಂದ ದೂರ ಎಳೆದುಕೊಂಡೆ. ಬಿಲ್ಡರ್ ಮಾತ್ರ ಗಲ್ಲ ಕೆರೆದುಕೊಂಡ.

"ಅವರನ್ನ ಓಡಿಸಬೇಡ" ಎಂದು ಹಿಂದಿಯಲ್ಲಿ ತಾಕೀತು ಮಾಡಿದ. "ಭಾನುವಾರ ಗಿರಾಕಿಗಳು ಬರ್ತಾರೆ. ಬೆಳಿಗ್ಗೆನೂ ಸ್ವಲ್ಪ ಹೊತ್ತು ನಿಲ್ಲೋಕೆ ಹೇಳು."

೩. ಡಿಪಾರ್ಟ್‌ಮೆಂಟ್ ಬೇರೆ

ಆಮೇಲೆ ನನ್ನ ಪೇಜ್ ಕೆಟ್ಟಿತು. ಪ್ರತಿ ಸಲ ಹೊಸ ಮುಖ ಬರಬೇಕಾದಲ್ಲಿ ಒಬ್ಬರೇ ಬರತೊಡಗಿದರು: ದಪ್ಪ ಹುಬ್ಬು, ಕತ್ತರಿಸಿದ ಮೀಸೆ, ತಲೆ ಒಂದಿಷ್ಟು ಓರೆ. ಕೋಡ್ ಅಷ್ಟನ್ನೂ ಜಾಲಾಡಿದರೂ ತಪ್ಪು ಸಿಗಲಿಲ್ಲ.

ನಮ್ಮ ಆಫೀಸಿನಲ್ಲಿ ಬೆಂಗಳೂರಿನ ಒಬ್ಬಳು ಟೆಸ್ಟರ್ ಇದ್ದಾಳೆ. ಬೇರೆಯವರ ತಪ್ಪು ಹುಡುಕುವುದೇ ಅವಳ ಕೆಲಸ, ಅದರಲ್ಲಿ ಅವಳಿಗೆ ಸಂತೋಷವೂ ಇದೆ. ಊಟದ ಹೊತ್ತಿನಲ್ಲಿ ಅವಳ ಮುಂದೆ ಪೇಜ್ ತೆರೆದಿಟ್ಟೆ. ಅವಳು ಬ್ರೌಸರ್ ಬದಲಿಸಿದಳು, ಅವರೇ ಬಂದರು. ಬೇರೆ ಕಂಪ್ಯೂಟರಿನಲ್ಲಿ ತೆರೆದಳು, ಅಲ್ಲೂ ಅವರೇ, ಈ ಸಲ ಒಂದು ಹೆಜ್ಜೆ ಮುಂದೆ ಬಂದ ಹಾಗೆ. ಅವಳು ಚಪಾತಿ ತಿನ್ನುವುದನ್ನು ನಿಲ್ಲಿಸಿದಳು.

"ಸರ್, ಹತ್ತಿರ ಬರೋ ಥರ ಏನಾದ್ರೂ ಕೋಡ್ ಬರೆದಿದ್ದೀರಾ?"

"ಇಲ್ಲ."

ಅವಳು ಡಬ್ಬಿ ಮುಚ್ಚಿ ಎದ್ದು ನಿಂತಳು. "ಇದು ಟೆಸ್ಟಿಂಗ್‌ಗೆ ಬರಲ್ಲ ಸರ್. ಪುರೋಹಿತರ ಡಿಪಾರ್ಟ್‌ಮೆಂಟಿಗೆ ಕಳಿಸಿ."

೪. ಹಾರ

ಆ ಸಂಜೆ ಅಮ್ಮನ ಮೊಬೈಲಿನಲ್ಲೂ ಅವರೇ. ಅಮ್ಮ ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು. "ಇವರೇ ಕಣೋ" ಎಂದಳು. ಅಪ್ಪ ಹೋದಾಗ ಇದ್ದ ವಯಸ್ಸು ಈಗ ನನ್ನದು. ನನ್ನದೇ ವಯಸ್ಸಿನ ಗಂಡಸನ್ನು ಅಪ್ಪ ಎಂದುಕೊಂಡು ನೋಡುವಾಗ ನನಗೆ ಅಳುವೂ ಬಂತು, ನಾಚಿಕೆಯೂ ಆಯಿತು. ಮಹಾಲಯಕ್ಕೆ ಸರಿಯಾಗಿ ಫ್ರೇಮ್ ಹಾಕಿಸಿ, ಗಂಧದ ಹಾರ ತೊಡಿಸಿ ಗೋಡೆಗೆ ಹಾಕಿದೆವು. ಅಮ್ಮ ಅದರ ಜೊತೆ "ರೀ, ಇವತ್ತು ನೀರು ಬಂದಿಲ್ಲ" ಎಂದೆಲ್ಲ ಮಾತಾಡತೊಡಗಿದಳು.

ರಾಜ್ಯೋತ್ಸವ ಹತ್ತಿರ ಬಂತು. ಆಮಂತ್ರಣ ಕೊಡಲು ನಮ್ಮ ಕನ್ನಡ ಬಳಗದ ಹೊಸ ಕಾರ್ಯದರ್ಶಿ ಬರುತ್ತಾರೆ ಎಂದು ಫೋನ್ ಬಂದಿತ್ತು. ಅವರು ಹುಬ್ಬಳ್ಳಿ ಕಡೆಯವರು, ಡೊಂಬಿವಲಿಯಲ್ಲಿ ಬಟ್ಟೆ ವ್ಯಾಪಾರ. ನಾನು ಮುಖ ಕಂಡವರಲ್ಲ. ಬೆಲ್ ಆಯಿತು, ಬಾಗಿಲು ತೆರೆದೆ. ಹಿಡಿದ ಚಿಲಕ ಹಿಡಿದಂತೆಯೇ ನಿಂತೆ. ಅದೇ ಹುಬ್ಬು, ಅದೇ ಮೀಸೆ, ತಲೆಯೂ ಅಷ್ಟೇ ಓರೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆ ನೋಡಿದರು. ಹಾರ ನೋಡಿದರು, ದೀಪ ನೋಡಿದರು. ಮೆಲ್ಲಗೆ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು:

"ಇದು ಯಾವಾಗ ಆತ್ರೀ?"

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದಳು. ಬಂದವರನ್ನು ನೋಡಿದಳು, ಫೋಟೊ ನೋಡಿದಳು, ಹಾಗೇ ಕುರ್ಚಿಯಲ್ಲಿ ಕುಸಿದಳು. "ಯಾರನ್ನೋ ತಂದು ಹಾರ ಹಾಕಿದೆನಲ್ಲೋ. ಹಾಗಾದ್ರೆ ಅವರನ್ನ ನಾನು ಪೂರ್ತಿ ಮರೆತೇಬಿಟ್ಟೆನಾ?" ನನಗೆ ಆ ಮನುಷ್ಯನ ಮುಖಕ್ಕಿಂತ ಅಮ್ಮನ ಮುಖ ನೋಡಿ ಹೆಚ್ಚು ಹೆದರಿಕೆಯಾಯಿತು.

ಗಡಿಬಿಡಿಯಲ್ಲಿ ನಾನು ಅವರಿಗೆ ಎಲ್ಲ ವಿವರಿಸಿದೆ. ಅವರು ಪಾಪ, ಅಮ್ಮನನ್ನು ಸಮಾಧಾನ ಮಾಡಲು ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಕ್ಕರು. "ಅಳಬ್ಯಾಡ್ರಿ ಅವ್ವಾರ. ನಾ ಇನ್ನೂ ಅದೀನ್ರೀ!"

ಅಮ್ಮ ತಲೆಯೆತ್ತಿದಳು. "ಇಲ್ಲ, ಇಲ್ಲ. ಅವರು ಹೀಗೆ ಹಲ್ಲು ಬಿಟ್ಟು ನಗ್ತಾನೇ ಇರಲಿಲ್ಲ. ತುಟಿ ಬಿಗಿ ಹಿಡಕೊಳ್ಳೋರು, ಎಡಗಡೆ ಕೆನ್ನೆ ಮಾತ್ರ ಗುಳಿ ಬೀಳೋದು, ಆ ಕಡೆ ಕಣ್ಣು ಸಣ್ಣಗಾಗೋದು..." ಮಾತು ನಿಲ್ಲಿಸಿ ನನ್ನ ತೋಳು ಹಿಡಿದಳು. "ಬಂತು ಕಣೋ! ಕಣ್ಣು ಮೂಗು ಒಟ್ಟಿಗೆ ಬಂತು! ಕೂತ್ಕೋ, ಬೇಗ ಬರಿ!"

ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ನಗು ತಡೆದುಕೊಂಡ ಒಬ್ಬ ಗಂಡಸು ತೆರೆಯ ಮೇಲೆ ಮೂಡಿದ. ಅಮ್ಮ ಸೆರಗು ಸರಿಮಾಡಿಕೊಂಡಳು. ಈ ವಯಸ್ಸಿನಲ್ಲೂ ಅವಳ ಮುಖ ಕೆಂಪಾಯಿತು. ನಾನು ನನ್ನ ಅಪ್ಪನನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಅಮ್ಮ ಗೋಡೆಯ ಫೋಟೊದಿಂದ ಹಾರ ತೆಗೆದು ಕಾರ್ಯದರ್ಶಿಗೆ ಕೈಮುಗಿದಳು. "ತಪ್ಪಾಯ್ತಪ್ಪ. ಗೊತ್ತಿಲ್ಲದೆ ಮಹಾಲಯದಿಂದ ದಿನಾ ಎರಡು ಹೊತ್ತು ನಿಮಗೆ ಸ್ಟ್ರಾಂಗ್ ಕಾಫಿ ನೈವೇದ್ಯ ಮಾಡಿಬಿಟ್ಟೆ."

ಅವರ ನಗು ತಟ್ಟನೆ ನಿಂತಿತು. "ಎರಡ ಹೊತ್ತರೀ? ಅದಕ್ಕ ನೋಡ್ರಿ ಮಹಾಲಯದಿಂದ ನನಗ ನಿದ್ದೀನ ಹತ್ತವಲ್ದು! ಡಾಕ್ಟರ್ ಕಾಫಿ ಬಿಡ್ರಿ ಅಂತಾನ. ನಾ ಕುಡಿಯೂದ ಇಲ್ಲಂದ್ರ ನಂಬವಲ್ಲ!"

ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದು ಕೈಮುಗಿದರು.

"ಇನ್ನ ಮ್ಯಾಲೂ ಇಡೂದಿದ್ರ ಚಾ ಇಡ್ರಿ ಅವ್ವಾರ. ಸಕ್ರಿ ಕಡಿಮಿ ಇರ್ಲಿ."