ಆಡದೆ ಕೊಟ್ಟ ಐದು ಚುಕ್ಕಿಗಳ ಕುರಿತು

ವಿರಾಮ ನಿಯಂತ್ರಣ ಇಲಾಖೆ, ಬೀದರ
ಸಂಖ್ಯೆ: ವಿನಿಇ/ಆಕಳು/ಶಾಬಾಸ್/ಔರಾದ

ವಿಷಯ: ಮೊಬೈಲಿನಲ್ಲಿ ಹೊಲ ಮಾಡುವ ಆಟ ಬಿಡಲಾಗದಿರುವುದು ಮತ್ತು ಅದರ ವಿಮರ್ಶೆಯನ್ನು ನಂಬಬಹುದೇ ಎಂಬುದು.

ಉಲ್ಲೇಖ: ೧. ಭಾಲ್ಕಿಯ ವಾರಪತ್ರಿಕೆಯೊಂದರಲ್ಲಿ ಮೊಬೈಲ್ ಆಟಗಳಿಗೆ ಐದರವರೆಗೆ ಚುಕ್ಕಿ (ಸ್ಟಾರ್) ಕೊಡುವ ವಿಮರ್ಶಾ ಅಂಕಣ. ೨. ಹೊತ್ತಿದ ರೊಟ್ಟಿ.

ಔರಾದ ನಿವಾಸಿ ಶ್ರೀಮತಿ ಮಂಜಿರಿ ಅವರು ಒಂದು ಕೈಯಿಂದ ಜೋಳದ ರೊಟ್ಟಿ ತಟ್ಟುತ್ತ, ಇನ್ನೊಂದು ಕೈಯ ಕಿರುಬೆರಳಿನಿಂದ ಮೊಬೈಲಿನ ತೊಗರಿಗೆ ನೀರು ಹಾಯಿಸುತ್ತಿದ್ದಾಗ ಇಲಾಖೆಯ ತಪಾಸಣಾ ತಂಡವು ಅಡುಗೆಮನೆ ಪ್ರವೇಶಿಸಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ್ದನ್ನು ಪಂಚನಾಮೆಯಲ್ಲಿ ದಾಖಲಿಸಲಾಗಿದೆ.

ವಿಚಾರಿಸಲಾಗಿ ಅವರು, "ನೀರು ಹಾಕಿದ್ರ ಆಟದಾಗಿನ ಆಕಳ ಶಾಬಾಸ್ ಅಂತದ್ರಿ. ಈ ಮನ್ಯಾಗ ಯಾರ ಅಂತಾರ? ತಡಾ ಮಾಡಿದ್ರ ಅದೇ ಆಕಳ ಅಳತದ. ಬಿಡ್ಲಾಕ ಆಗಲ್ರಿ. ಅದಕ್ಕೇ ಎರಡೇ ಚುಕ್ಕಿ ಕೊಡ್ರಿ ಅಂತ ಇವರಿಗಿ ಹೇಳೀನಿ" ಎಂದು ಹೇಳಿಕೆ ನೀಡಿರುತ್ತಾರೆ.

ಇವರು ಎಂದರೆ ಪತಿ ಹಾಗೂ ಸದರಿ ಅಂಕಣಕಾರರಾದ ಶ್ರೀ ಮಯೂರ. ಆಡಿ ಅಭಿಪ್ರಾಯ ಹೇಳುವವರು ಪತ್ನಿ, ಅಂಕಣಕ್ಕೆ ಹೆಸರು ಹಾಕಿಕೊಳ್ಳುವವರು ಪತಿ. ಆಟದ ಕಂಪನಿ ಕಳುಹಿಸಿದ ಟೀಶರ್ಟಿನಲ್ಲೇ ಹಾಜರಾದ ಅವರು, ಎರಡು ಚುಕ್ಕಿ ಅಚ್ಚಿನಲ್ಲಿ ಐದಾದುದೇಕೆ ಎಂಬ ಪ್ರಶ್ನೆಗೆ, "ಚಟ ಹತ್ತಲ್ಲಂತ ಖರೇನೇ ಬರದೀನ್ರಿ. ನಾ ಒಮ್ಮಿನೂ ಆಡಿಲ್ಲ, ನನಗ ಹ್ಯಾಂಗ ಹತ್ತತದ?" ಎಂದು ಮರುಪ್ರಶ್ನಿಸಿರುತ್ತಾರೆ.

ಈ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಆಟದ ಆಕಳು ದಿನಕ್ಕೊಮ್ಮೆ ಮಾತ್ರ, ಅದೂ ಕಚೇರಿ ವೇಳೆಯಲ್ಲಿ, ಶಾಬಾಸ್ ಎನ್ನತಕ್ಕದ್ದು. ಅಳುವುದಿದ್ದಲ್ಲಿ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

೨. ಮನೆಯವರು ಆಕಳಿನೊಂದಿಗೆ ಪೈಪೋಟಿಗಿಳಿದು ರೊಟ್ಟಿಗೆಲ್ಲ ಶಾಬಾಸ್ ಎನ್ನುವಂತಿಲ್ಲ. ಅಂಥ ಪ್ರಕರಣ ಔರಾದ, ಭಾಲ್ಕಿ ತಾಲ್ಲೂಕುಗಳಲ್ಲಿ ಈವರೆಗೆ ವರದಿಯಾಗಿಲ್ಲವೆಂಬುದು ಸಮಾಧಾನಕರ.

೩. ವಿಮರ್ಶಕರು ಟೀಶರ್ಟ್ ಕಳಚಿಟ್ಟು ಬರೆಯತಕ್ಕದ್ದು. ಚಳಿಗಾಲದಲ್ಲಿ ಇಲಾಖೆಯಿಂದ ಶಾಲು ಒದಗಿಸಲಾಗುವುದು. ಶಾಲು ಪಡೆದವರು ಇಲಾಖೆಗೆ ಐದು ಚುಕ್ಕಿ ನೀಡತಕ್ಕದ್ದು.

೪. ಆಟವು ಚಟ ಹಿಡಿಸುವುದೇ ಎಂದು ಪರಿಶೀಲಿಸಲು ನೇಮಿಸಿದ ಸಮಿತಿಯು ಬಾಗಿಲು ಹಾಕಿಕೊಂಡು ಆಡುತ್ತಿದ್ದು, ವರದಿ ಕೇಳಲು ಒಳಹೋದ ಜವಾನ ನರಸಿಂಗ ಅವರೂ ಹೊರಬಂದಿಲ್ಲ. ಚಹಾವನ್ನು ಕಿಟಕಿಯಿಂದ ನೀಡಲಾಗುತ್ತಿದೆ. ವರದಿ ಬರುವವರೆಗೆ ಚಟವಿಲ್ಲವೆಂದೇ ಭಾವಿಸತಕ್ಕದ್ದು.

೫. ವಿಮರ್ಶೆಯನ್ನು ನಂಬುವ ಓದುಗರು ತಮ್ಮ ನಂಬಿಕೆಯನ್ನು ಬೀದರಿನ ಕಚೇರಿಯಲ್ಲಿ ಖುದ್ದಾಗಿ ಹಾಜರುಪಡಿಸಿ ಮೊಹರು ಹಾಕಿಸಿಕೊಳ್ಳತಕ್ಕದ್ದು. ಬಸ್ಸು ಸಿಗದ ಔರಾದದವರು ಮರುದಿನದವರೆಗೆ ನಂಬದೇ ಇರಬಹುದು.

೬. ಹೇಳಿಕೆಗೆ ಸಹಿ ಹಾಕುವ ಮುನ್ನ ಶ್ರೀಮತಿ ಮಂಜಿರಿ ಅದನ್ನು ಓದಿದರು, ಮತ್ತೊಮ್ಮೆ ಓದಿದರು. ತಮ್ಮ ಮಾತು ಇದ್ದ ಹಾಗೆಯೇ, ತಮ್ಮದೇ ಹೆಸರಿನಲ್ಲಿ ಬರೆದಿರುವುದನ್ನು ಅವರು ಕಂಡದ್ದು ಇದೇ ಮೊದಲು. ಅತ್ತ ಆಕಳು ಅಳತೊಡಗಿತ್ತು. ಅಳಲಿ ಎಂದು ಬಿಟ್ಟರು. ಈ ವಾರದ ಅಂಕಣವನ್ನು ತಾವೇ ಬರೆದು, ಎರಡೇ ಚುಕ್ಕಿ ಇಟ್ಟು, ತಮ್ಮ ಹೆಸರು ಹಾಕಿ ನೇರ ಭಾಲ್ಕಿಗೆ ಕಳುಹಿಸುವುದೆಂದು ತೀರ್ಮಾನಿಸಿದರು. ಇದನ್ನು ಅವರು ಯಾರಿಗೂ ಹೇಳಿಲ್ಲ, ಇಲಾಖೆಗೂ ಹೇಳಿಲ್ಲ. ಆದ್ದರಿಂದ ಈ ಕಲಂ ಇಲ್ಲವೆಂದೇ ತಿಳಿಯತಕ್ಕದ್ದು.

ಸಹಿ/-
(ಚಂದ್ರಭಾಗಾ)
ಅಧೀಕ್ಷಕರು

ಪ್ರತಿಗಳು:
೧. ಪರಿಶೀಲನಾ ಸಮಿತಿಗೆ, ಕಿಟಕಿಯ ಮೂಲಕ.
೨. ಆಕಳಿಗೆ, ಅಗತ್ಯ ಕ್ರಮಕ್ಕಾಗಿ.
೩. ಸಂಪಾದಕರಿಗೆ, ಭಾಲ್ಕಿ: ಈ ವಾರ ಅಂಚೆಯನ್ನು ಗಮನವಿಟ್ಟು ನೋಡಲು.
೪. ಶ್ರೀ ಮಯೂರ ಅವರಿಗೆ, ಕಲಂ ೬ ಹೊರತುಪಡಿಸಿ.